ಓಬುಳಮ್ಮನ ಮಂಕರಿ

ದೆವ್ವ, ಗಾಳಿ, ಸೋಂಕು ಎಂಬ ಮಾತು ಬಂದರೆ ನಗುವ ಪೈಕಿ ನಾನು. ಕೆಜಿಎಫ್‌ನಲ್ಲಿ ಮೇಷ್ಟ್ರಾಗಿದ್ದವನಿಗೆ ಅಂಥ ಕತೆಗಳಿಗೇನೂ ಬರವಿರಲಿಲ್ಲ. ಮುಚ್ಚಿದ ಗಣಿಯೊಳಗಿಂದ ಈಗಲೂ ಸುತ್ತಿಗೆ ಸದ್ದು ಕೇಳುತ್ತದೆ, ಸಂಜೆ ಹೊತ್ತು ಯಾರೋ ಬಂದು ಬೀಡಿಗೆ ಬೆಂಕಿ ಕೇಳುತ್ತಾರೆ ಎಂದು ನಮ್ಮ ಶಾಲೆಯ ಅಟೆಂಡರ್ ಹೇಳುತ್ತಿದ್ದ. 'ಪಾಪ, ಅವರಿಗೆ ಇನ್ನೂ ಡ್ಯೂಟಿ ಮುಗಿದಿಲ್ಲವೇನಪ್ಪ' ಎಂದು ನಾನು ಕಾಲೆಳೆಯುತ್ತಿದ್ದೆ. ನಾನು ಇತಿಹಾಸ ಹೇಳುತ್ತಿದ್ದವನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಮಕ್ಕಳ ಬಾಯಲ್ಲಿ ನೂರು ಸಲ ಹೇಳಿಸಿದ್ದೇನೆ. ಅಂಥವನು ಇದನ್ನು ಬರೆಯುತ್ತಿರುವುದು ಗೊತ್ತಾದರೆ ಮೊದಲು ನಗುವವನು ಆ ಅಟೆಂಡರೇ. ನಗಲಿ, ಅವನಿಗೆ ಆ ಹಕ್ಕಿದೆ.

ಇದು ನಡೆದು ಏಳೆಂಟು ವರ್ಷವಾಯಿತು. ಆಗ ನಾನು ನಿವೃತ್ತಿಯ ಅಂಚಿನಲ್ಲಿದ್ದೆ. ಬಂಗಾರಪೇಟೆಯಿಂದ ದಿನಾ ಬೆಳಿಗ್ಗೆ ಮಾರಿಕುಪ್ಪಂ ಟ್ರೈನ್ ಹತ್ತಿ, ಊರಿಗಾಂನಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ರಾಬರ್ಟ್‌ಸನ್‌ಪೇಟೆಯ ಶಾಲೆಗೆ ಹೋಗುತ್ತಿದ್ದೆ. ಅಷ್ಟು ವರ್ಷ ಕಿಟಕಿ ಪಕ್ಕ ಕೂತು ಓಡಾಡಿದ ಮೇಲೆ ಆ ದಾರಿಯ ಮೇಲೊಂದು ಪುಸ್ತಕ ಬರೆಯಬೇಕೆನಿಸಿತು. ಇದು ದೊಡ್ಡ ದಾರಿಯೇನಲ್ಲ, ಹತ್ತು ಮೈಲಿ. ಚಿನ್ನ ಸಿಕ್ಕಿದ ಮೇಲೆ ಗಣಿಗೆ ಕಲ್ಲಿದ್ದಲು ಬೇಕಾಯಿತು, ಯಂತ್ರ ಬೇಕಾಯಿತು. ಎತ್ತಿನ ಗಾಡಿಗಳ ಕೈಲಾಗದೆ ಮೇನ್ ಲೈನಿನಿಂದ ಈ ಕವಲು ಹಾಕಿದರು. ಅವತ್ತು ದೇಶದ ತುಂಬ ರೈಲು ಹಬ್ಬುತ್ತಿದ್ದುದು ಹೀಗೆಯೇ. ಹಳಿ ಹಡಗಿನಲ್ಲಿ ಬಂತು, ಎಂಜಿನ್ ಹಡಗಿನಲ್ಲಿ ಬಂತು. ಹಳಿಯ ಕೆಳಗಿನ ಮಣ್ಣು ಮಾತ್ರ ಹೆಂಗಸರ ತಲೆಯ ಮೇಲೆ, ಬಿದಿರು ಬುಟ್ಟಿಯಲ್ಲಿ, ಒಂದೊಂದೇ ಮಂಕರಿಯಾಗಿ ಬಂತು. ನಾನು ಓದಿದ ಕಾಗದಗಳಲ್ಲಿ ಎಂಜಿನಿಯರುಗಳ ಹೆಸರಿತ್ತು, ದೊರೆಗಳ ಹೆಸರಿತ್ತು. ಮಣ್ಣು ಹೊತ್ತವರ ಹೆಸರು ಒಂದೂ ಇರಲಿಲ್ಲ. ಅದಕ್ಕೆ ನನಗೆ ಬೇಸರವಿತ್ತು. ಕುರ್ಚಿಯಲ್ಲಿ ಕೂತು ಪಡುವ ಬೇಸರ, ಅದರಿಂದ ಯಾರಿಗೂ ತೊಂದರೆಯಿಲ್ಲ.

ಹಳಿಯ ಮೇಲೆ ದಿನಾ ನಡೆದು ಕೀಲು ಬಿಗಿಮಾಡುವ ಕೀಮ್ಯಾನ್ ಒಬ್ಬ ನನಗೆ ಪರಿಚಯ. ಕೋರಮಂಡಲ್ ಸ್ಟೇಷನ್ನಿಗೆ ಮುಂಚೆ ಸಿಗುವ ಒಂದು ಹಳ್ಳಿಯಲ್ಲಿ ಮುನಿಯಮ್ಮ ಎಂಬ ಮುದುಕಿ ಇದ್ದಾಳೆ, ಅವಳ ಮನೆಯವರೇ ಹಿಂದೆ ಹಳಿಯ ಕೆಳಗಿನ ಈ ಕಟ್ಟೆಗೆ ಮಣ್ಣು ಹಾಕಿದವರು ಎಂದು ಹೇಳಿದ್ದು ಅವನೇ. ಒಂದು ಭಾನುವಾರ ಮಧ್ಯಾಹ್ನ ಹೋದೆ. ಅವರೆಕಾಯಿ ಕಾಲ. ಎಪ್ಪತ್ತು ದಾಟಿದ ಮುನಿಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಕಾಯಿ ಸುಲಿಯುತ್ತಿದ್ದರು. ಮೊಮ್ಮಗಳು ಮಂಜುಳ ಡೈರಿಗೆ ಹಾಲು ಹಾಕುವ ಕ್ಯಾನ್ ತೊಳೆಯುತ್ತಿದ್ದಳು. ನಾನು ಬಂದ ವಿಷಯ ಹೇಳಿದ್ದೇ ತಡ, ಮುನಿಯಮ್ಮ ಮೊರ ಪಕ್ಕಕ್ಕಿಟ್ಟರು.

"ನಮ್ಮಜ್ಜಿಯವರ ಅವ್ವ ಮೇಷ್ಟ್ರೇ, ಓಬುಳಮ್ಮ ಅಂತ. ಈ ಕಟ್ಟೆಗೆ ಮಣ್ಣು ತೆಗೀತಾ ತೆಗೀತಾ ಗುಂಡಿಯಾಗೇ ಓದ್ಲು. ದಡ ಕುಸ್ದು ಮೇಲೆ ಬಿತ್ತು. ಆಗ ನಮ್ಮಜ್ಜಿ ಕೈಕೂಸು, ಮರದ ಕೆಳಗೆ ಜೋಲಿನಾಗೆ ಮಲಗಿತ್ತಂತೆ. ನಿಮ್ಮ ಪುಸ್ತಕದಾಗೆ ಆಯಮ್ಮನ ಎಸ್ರು ಒಂದು ಬರ್ಕೊಳಿ."

"ಇದಕ್ಕೆ ಕಾಗದ ಪತ್ರ ಏನಾದರೂ ಇದೆಯೇನಮ್ಮಾ?" ಎಂದೆ.

"ಕಾಗ್ದ ಎಲ್ಲಿಂದ ಬತ್ತದೆ ಮೇಷ್ಟ್ರೇ? ಗುಂಡಿ ಐತೆ. ಬನ್ನಿ, ತೋರಿಸ್ತೀನಿ. ಆವತ್ತು ಏನಾಯ್ತು ಅಂದ್ರೆ..."

ನಾನು ಗಡಿಯಾರ ನೋಡಿಕೊಂಡೆ. ಬಂಗಾರಪೇಟೆಗೆ ಹೋಗುವ ಟ್ರೈನಿಗೆ ಇನ್ನು ಅರ್ಧ ಗಂಟೆಯಿತ್ತು. ಅದು ತಪ್ಪಿದರೆ ಸಂಜೆಯವರೆಗೆ ಕಾಯಬೇಕು. ನಿಜ ಹೇಳಬೇಕೆಂದರೆ, ಮನೆಮನೆಯಲ್ಲೂ ಇಂಥದೊಂದು ಕತೆ ಇರುತ್ತದೆ ಎಂಬ ತಾತ್ಸಾರವೂ ಇತ್ತು. 'ಇನ್ನೊಂದು ಸಲ ಬಂದು ಪೂರ್ತಿ ಕೇಳ್ತೀನಮ್ಮಾ' ಎಂದು ಟಿಪ್ಪಣಿ ಪುಸ್ತಕ ಮಡಚಿ ಎದ್ದೆ. ಮುನಿಯಮ್ಮ ಮತ್ತೆ ಮೊರ ಎಳೆದುಕೊಂಡರು.

ಹಳ್ಳಿಯಿಂದ ಸ್ಟೇಷನ್ನಿಗೆ ಹಳಿಯ ಪಕ್ಕದಲ್ಲೇ ಕಾಲುದಾರಿಯಿದೆ. ಅದರ ಉದ್ದಕ್ಕೂ ಹಳೆಯ ಗುಂಡಿಗಳು. ಅವತ್ತು ಕಟ್ಟೆಗೆ ಮಣ್ಣು ತೆಗೆದ ಜಾಗಗಳೇ ಅವು. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಎಮ್ಮೆಗಳು ಬಿದ್ದುಕೊಂಡಿರುತ್ತವೆ. ಬಿಸಿಲು ಚೆನ್ನಾಗಿತ್ತು. ನಾನು ಬಿರಬಿರನೆ ನಡೆಯುತ್ತಿದ್ದೆ. ಒಂದು ಮೋರಿ ದಾಟಿದ ಮೇಲೆ ಎಡಗಡೆಯ ಗುಂಡಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು, ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ, ಕಾಲ ಬಳಿ ಕೆಮ್ಮಣ್ಣು ತುಂಬಿದ ಮಂಕರಿ. ಹಿಂದೆ ಕೆಂಪಗೆ ಹೊಸದಾಗಿ ಕಡಿದ ದಡ. ನನ್ನ ಸದ್ದು ಕೇಳಿ ತೆಲುಗಿನಲ್ಲಿ ಕರೆದಳು.

"ಅಯ್ಯಾ, ತಟ್ಟ ರವಂತ ಎತ್ತಂಡಿ."

ಬುಟ್ಟಿ ಒಂಚೂರು ಎತ್ತಿಕೊಡಿ ಎಂದಳು, ಅಷ್ಟೇ. ತುಂಬಿದ ಮಂಕರಿಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲು ಆಗುವುದಿಲ್ಲ, ಎದುರಿಗೆ ಇನ್ನೊಬ್ಬರು ಕೈ ಕೊಡಲೇಬೇಕು. ನಾನೂ ಒಕ್ಕಲು ಮನೆಯಲ್ಲಿ ಹುಟ್ಟಿದವನು. ಹುಲ್ಲಿನ ಹೊರೆಯೋ ಗೊಬ್ಬರದ ಮಂಕರಿಯೋ, ಎತ್ತಿಕೊಡಿ ಎಂದವರಿಗೆ ನಮ್ಮ ಕಡೆ ಯಾರೂ ಇಲ್ಲ ಎನ್ನುವುದಿಲ್ಲ. ಮಾತು ಬಿಟ್ಟ ದಾಯಾದಿಗಳೂ ಎತ್ತಿಕೊಟ್ಟು, ಮತ್ತೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ನಾಲ್ಕು ಹೆಜ್ಜೆ ಇಳಿದರೆ ಗುಂಡಿ. ಆದರೆ ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಇತ್ತು, ದೂರದಲ್ಲಿ ಟ್ರೈನಿನ ಕೂಗು ಬೇರೆ ಕೇಳಿಸಿತು.

"ಟ್ರೈನಿಗೆ ಹೊತ್ತಾಯ್ತಮ್ಮಾ, ಹಿಂದೆ ಯಾರಾದ್ರೂ ಬರ್ತಾರೆ, ಎತ್ತಿಕೊಡ್ತಾರೆ" ಎಂದೆ.

ಅವಳು ಸಿಟ್ಟಾಗಲಿಲ್ಲ. ಹಾಗೇ ನಿಂತಳು. ಇಪ್ಪತ್ತು ಹೆಜ್ಜೆ ನಡೆದಿರಬೇಕು, ನಾಚಿಕೆಯಾಯಿತು. ಹಿಂದೆ ಬರುವವರು ಯಾರೂ ಇಲ್ಲ ಎಂಬುದು ನನಗೆ ಗೊತ್ತಿತ್ತಲ್ಲ. ತಿರುಗಿ ನೋಡಿದೆ. ಅವಳಿರಲಿಲ್ಲ, ಮಂಕರಿಯೂ ಇರಲಿಲ್ಲ. ದಡದ ಮರೆಗೆ ಹೋಗಿರಬೇಕು ಅಂದುಕೊಂಡು ಸ್ಟೇಷನ್ನಿಗೆ ಓಡಿದೆ. ಟ್ರೈನ್ ಹೊರಗೇ ಎಲ್ಲೋ ನಿಂತುಬಿಟ್ಟಿತ್ತು, ಕಾಲು ಗಂಟೆ ತಡವಾಗಿ ಬಂತು. ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡೆ. ಅಷ್ಟು ಹೊತ್ತಿನಲ್ಲಿ ಹತ್ತು ಮಂಕರಿ ಎತ್ತಿಕೊಡಬಹುದಿತ್ತು.

ಮನಸ್ಸು ಕೊರೆಯಲು ಶುರುವಾದದ್ದು ಟ್ರೈನಿನಲ್ಲಿ. ಬಿದಿರಿನ ಮಂಕರಿಯನ್ನು ಈಗ ಮಣ್ಣಿಗೆ ಯಾರು ಬಳಸುತ್ತಾರೆ? ಎಲ್ಲ ಕಡೆ ಕಬ್ಬಿಣದ ಬಾಂಡ್ಲಿ. ದೀಪಾವಳಿ ಆದಮೇಲೆ ಒಂದು ಹನಿ ಮಳೆ ಬಿದ್ದಿರಲಿಲ್ಲ, ಆ ಮಣ್ಣು ಮಾತ್ರ ಹಸಿಯಾಗಿತ್ತು. ಅದೂ ಹೋಗಲಿ, ಅವಳು ಅದನ್ನು ಹೊತ್ತು ಎಲ್ಲಿಗೆ ಹಾಕಬೇಕಿತ್ತು? ಕಟ್ಟೆ ಮುಗಿದು ನೂರು ವರ್ಷದ ಮೇಲಾಗಿದೆ. ಮಾರನೆಯ ದಿನ ಕೀಮ್ಯಾನ್ ಸಿಕ್ಕಿದಾಗ ಅಲ್ಲಿ ಏನಾದರೂ ಕೆಲಸ ನಡೆಯುತ್ತಿದೆಯಾ ಎಂದು ವಿಚಾರಿಸಿದೆ.

"ಆ ಕಡೆ ಯಾವ ಕೆಲ್ಸಾನೂ ಇಲ್ಲ ಸಾ. ಈಗ ಮಣ್ಣಿನ ಕೆಲ್ಸಕ್ಕೆ ಎಂಗಸ್ರು ಎಲ್ಲಿ ಬತ್ತಾರೆ, ಜೆಸಿಬಿ ಬತ್ತದೆ" ಎಂದ.

ಎರಡು ವಾರ ಕಳೆದು ಮತ್ತೆ ಮುನಿಯಮ್ಮನ ಮನೆಗೆ ಹೋದೆ. ಹೆಸರು ಬರೆದುಕೊಳ್ಳಲು ಹೋದೆ ಎಂದು ಹೇಳಿಕೊಳ್ಳಬಹುದು, ಆದರೆ ಹೋದದ್ದು ಅದಕ್ಕಲ್ಲ. ಗುಂಡಿ ತೋರಿಸಿ ಎಂದೆ. ಮಂಜುಳಳ ಭುಜ ಹಿಡಿದುಕೊಂಡು ಮುದುಕಿ ನಿಧಾನವಾಗಿ ನಡೆದರು. ಮೋರಿ ದಾಟಿದರು. ಎಡಗಡೆಗೆ ಕೈ ತೋರಿಸಿ ನಿಂತರು. ಅದೇ ಗುಂಡಿ. ಆದರೆ ಒಳಗೆ ಜಾಲಿಮುಳ್ಳು ಎದೆಯೆತ್ತರ ಬೆಳೆದಿತ್ತು, ಮೇಕೆ ನುಗ್ಗಲೂ ಜಾಗವಿರಲಿಲ್ಲ. ಹೊಸದಾಗಿ ಕಡಿದ ದಡ ಎಲ್ಲೂ ಇಲ್ಲ. ಎಷ್ಟು ಆಳ ತೆಗೆದರೆಂದು ಅಳೆಯಲು ಆಗಿನವರು ಅಗೆಯದೆ ಬಿಡುತ್ತಿದ್ದ ಮಣ್ಣಿನ ಕಂಬವೊಂದು ಮುಳ್ಳಿನ ನಡುವೆ ಕರಗಿ, ಕುಳ್ಳಗಾಗಿ ನಿಂತಿತ್ತು. ಎರಡು ವಾರದಲ್ಲಿ ಜಾಲಿ ಅಷ್ಟು ಬೆಳೆಯುವುದಿಲ್ಲ.

"ಅವತ್ತು ಇಲ್ಲಿ ಒಬ್ಬ ಹೆಂಗಸನ್ನು ನೋಡಿದೆನಮ್ಮಾ. ಮಂಕರಿ ಎತ್ತಿಕೊಡಿ ಅಂತ ಕೇಳಿದಳು" ಎಂದೆ.

ಮುನಿಯಮ್ಮ ಇದ್ದಲ್ಲೇ ಕುಕ್ಕರಿಸಿದರು. ಅವತ್ತು ನಾನು ಕೇಳದೆ ಎದ್ದುಬಂದ ಮಾತು ಆಗ ಹೊರಬಂತು.

"ಎಲ್ರೂ ಅಂಬಲಿ ಕುಡಿಯಾಕೆ ಓಗಿದ್ರಂತೆ ಮೇಷ್ಟ್ರೇ. ಕೊನೇದೊಂದು ಮಂಕರಿ ತುಂಬ್ಕೊಂಡು ಓಬುಳಮ್ಮ ಒಬ್ಳೇ ನಿಂತಿದ್ಲು. ದಡದ ಮೇಲೆ ಮೇಸ್ತ್ರಿ ಓಗ್ತಿದ್ದ. ಎತ್ತಿಕೊಡಪ್ಪಾ ಅಂದ್ಲು. ಇಳೀಲಿಲ್ಲ ಅವ್ನು. ಯಾರಾದ್ರೂ ಬತ್ತಾರೆ ಅಂತ ಆಯಮ್ಮ ದಡದ ಪಕ್ಕ ಕಾಯ್ತಾ ನಿಂತ್ಲು. ಆಗ ಬಿತ್ತು. ಎತ್ತಿಕೊಟ್ಟಿದ್ರೆ ಆಯಮ್ಮ ಮೇಲೆ ಬಂದಿರೋಳು."

ಅದಕ್ಕೇ ಅವರ ಮನೆಯಲ್ಲಿ ಒಂದು ಪದ್ಧತಿ. ಪ್ರತಿ ಯುಗಾದಿಯ ಮಾರನೆಯ ದಿನ ಈ ಗುಂಡಿಯ ಅಂಚಿಗೆ ಬರುತ್ತಾರೆ. ಒಂದು ಮಂಕರಿಗೆ ಮಣ್ಣು ತುಂಬಿ, ಇಬ್ಬರು ಹಿಡಿದು ಮನೆಯ ಹೆಣ್ಣುಮಗಳ ತಲೆಗೆ ಎತ್ತುತ್ತಾರೆ. ಅವಳು ಅದನ್ನು ಕಟ್ಟೆಯ ಬುಡಕ್ಕೆ ಸುರಿಯುತ್ತಾಳೆ. ಓಬುಳಮ್ಮ ಇನ್ನೂ ಕಾಯುತ್ತಿದ್ದಾಳೆ, ಅವಳ ಬದಲು ನಾವಾದರೂ ಒಂದು ಹೊರೆ ಇಳಿಸೋಣ ಎಂಬ ಲೆಕ್ಕ. ಮುನಿಯಮ್ಮ ಹುಡುಗಿಯಾಗಿದ್ದಾಗ ಹೊತ್ತರು, ಅವರ ಮಗಳು ಹೊತ್ತಳು, ಈಗ ಮಂಜುಳ ಹೊರುತ್ತಿದ್ದಳು.

ಎಲ್ಲ ಹೇಳಿ ಮುಗಿಸಿ ಮುನಿಯಮ್ಮ ನನ್ನ ಮುಖ ನೋಡಿದರು.

"ಎತ್ತಿಕೊಟ್ರಾ ಮೇಷ್ಟ್ರೇ?"

ನಾನು ಹೂಂ ಎಂದೆ.

ಯಾಕೆ ಹಾಗೆಂದೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಆ ಕಣ್ಣುಗಳ ಎದುರು ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಮುನಿಯಮ್ಮ ನನ್ನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು. "ಬಿಡಮ್ಮಿ ಮಂಜುಳಾ, ಮೇಷ್ಟ್ರು ಎತ್ತಿಕೊಟ್ರಂತೆ. ಆಯಮ್ಮ ಒಂಟೋದ್ಲು" ಎಂದು ಅತ್ತರು, ಸಂತೋಷಕ್ಕೆ. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಪುಸ್ತಕ ಅಚ್ಚಾಯಿತು. ಕಾಗದವಿಲ್ಲದೆಯೇ ಓಬುಳಮ್ಮನ ಹೆಸರು ಹಾಕಿದೆ. ಯುಗಾದಿ ಕಳೆದ ಮೇಲೆ ಒಂದು ಪ್ರತಿ ಕೊಡಲು ಹೋದಾಗ, ಈ ಸಲದ ಮಂಕರಿ ಪೂಜೆ ಆಯಿತೇನಮ್ಮಾ ಎಂದು ಕೇಳಿದೆ. "ಇನ್ಯಾಕೆ ಮೇಷ್ಟ್ರೇ? ನೀವೇ ಎತ್ತಿಬಿಟ್ರಲ್ಲ" ಎಂದರು. ಮನೆಯಲ್ಲಿದ್ದ ಮಂಕರಿಯನ್ನು ಕೋಳಿ ಮುಚ್ಚಲು ಕೊಟ್ಟುಬಿಟ್ಟಿದ್ದರು. ಆವತ್ತಾದರೂ ನಿಜ ಹೇಳಬಹುದಿತ್ತು. ಕಾಫಿ ಕುಡಿದು ಎದ್ದುಬಂದೆ. ಮುಂದಿನ ಭಾನುವಾರ ಹೇಳೋಣ, ಹಬ್ಬ ಕಳೆಯಲಿ ಎಂದು ದೂಡುತ್ತಾ ಹೋದೆ. ಮರುವರ್ಷದ ಶ್ರಾವಣದಲ್ಲಿ ಮುನಿಯಮ್ಮ ತೀರಿಕೊಂಡರು. ಅಜ್ಜಿಯಿಂದ ಮೊಮ್ಮಗಳವರೆಗೆ ಬಂದಿದ್ದ ಒಂದು ಪದ್ಧತಿ, ನನ್ನ ಒಂದು ಹೂಂನಿಂದ ನಿಂತುಹೋಯಿತು.

ಆ ಗುಂಡಿಯ ಹತ್ತಿರ ನಾಲ್ಕಾರು ಸಲ ಹೋಗಿದ್ದೇನೆ. ಅದೇ ಹೊತ್ತಿಗೆ, ಅದೇ ಅವರೆಕಾಯಿ ಕಾಲದಲ್ಲೂ ಹೋಗಿದ್ದೇನೆ. ಮುಳ್ಳು, ಬಿಸಿಲು, ಆಗೊಮ್ಮೆ ಈಗೊಮ್ಮೆ ಟ್ರೈನು. ಬಿಸಿಲಿಗೆ ತಲೆ ತಿರುಗಿರಬೇಕು ಎಂದು ಡಾಕ್ಟರಾಗಿರುವ ನನ್ನ ಅಳಿಯ ಹೇಳುತ್ತಾನೆ. ಪಕ್ಕದ ಊರಿನ ಯಾರೋ ಮನೆಗೆ ಬಳಿಯಲು ಕೆಮ್ಮಣ್ಣು ತೆಗೆಯುತ್ತಿದ್ದಿರಬೇಕು, ನೀವು ನೋಡಿದ್ದು ಬೇರೆ ಗುಂಡಿ ಎಂದು ಹೆಂಡತಿ ಹೇಳುತ್ತಾಳೆ. ಇರಬಹುದು. ಆದರೆ ಇಬ್ಬರ ಮಾತಿನಿಂದಲೂ ನನಗೆ ಸಮಾಧಾನವಾಗಿಲ್ಲ. ಅಟೆಂಡರನ ಕತೆಗಳನ್ನು ಈಗಲೂ ನಾನು ನಂಬುವುದಿಲ್ಲ. ಕಂಡದ್ದನ್ನು ಕಾಣಲಿಲ್ಲ ಎನ್ನಲೂ ಆಗುವುದಿಲ್ಲ.

ಮುನಿಯಮ್ಮನ ಹನ್ನೊಂದನೆಯ ದಿನ ಊಟಕ್ಕೆ ಹೋಗಿದ್ದೆ. ಎಲೆ ಎತ್ತಿದ ಮೇಲೆ ಮಂಜುಳ ಎಲೆ ಅಡಿಕೆ ತಟ್ಟೆ ಹಿಡಿದು ಬಂದಳು. ಆಗ ಅವಳಿಗೆ ಮದುವೆಯಾಗಿತ್ತು, ತುಂಬಿದ ಬಸುರಿ. ತಟ್ಟೆಯನ್ನು ನನ್ನ ಮುಂದೆ ಹಿಡಿದಳು.

"ಒಂದ್ ಮಾತು ಕೇಳ್ಲಾ ಮೇಷ್ಟ್ರೇ? ನಾನು ವರ್ಸಾ ವರ್ಸಾ ಒತ್ತೋಳು, ಅದ್ಕೇ ಕೇಳ್ತಿದೀನಿ. ಆಯಮ್ಮನ ಮಂಕರಿ ಬಾಳಾ ಬಾರ ಇತ್ತಾ?"

"ಇತ್ತಮ್ಮಾ" ಎಂದೆ.

ಅವಳು ತಲೆಯಾಡಿಸಿ, ತಟ್ಟೆ ಹಿಡಿದು ಮುಂದಿನವರ ಹತ್ತಿರ ಹೋದಳು. ನಾನು ಕಂಡದ್ದು ಯಾರನ್ನು ಎಂಬುದು ನನಗೆ ಗೊತ್ತಿಲ್ಲ. ಆ ಮಂಕರಿ ನಿಜವಾಗಿ ಅಲ್ಲಿತ್ತೇ, ಅದರಲ್ಲಿ ಭಾರವಿತ್ತೇ, ಅದೂ ಗೊತ್ತಿಲ್ಲ. ಅವತ್ತು ಇಳಿದು ಎತ್ತಿದ್ದರೆ ಕೈಗಾದರೂ ಗೊತ್ತಾಗುತ್ತಿತ್ತು.