ಅತ್ತೆಯ ಎಡಗೈ

ನಮ್ಮ ಅತ್ತೆಯವರಿಗೆ ನನ್ನ ಗಂಡ ಒಬ್ಬನೇ ಮಗ. ಆದರೂ ನನ್ನ ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಯ ಮುಂದೆ ಅವನ ಬೆಲೆ ಎಷ್ಟೆಂಬುದು ಕಲಬುರಗಿಯ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ತಿಳಿಯಿತು.

ಆಗ ನನಗೆ ಏಳು ತಿಂಗಳು. ಮೊದಲನೆಯವನನ್ನು ಹೊಟ್ಟೆ ಕೊಯ್ದೇ ತೆಗೆದಿದ್ದರು. ಈ ಸಲ ಸೇಡಂನ ಡಾಕ್ಟರಮ್ಮ ಸೋನೋಗ್ರಫಿಯನ್ನು ಎರಡೆರಡು ಸಲ ಮಾಡಿ ನೋಡಿದರು. ಮಾಸು ಹಳೆಯ ಹೊಲಿಗೆಯ ಜಾಗದಲ್ಲೇ ಗರ್ಭಕೋಶದ ಗೋಡೆಯೊಳಗೆ ಬೇರು ಬಿಟ್ಟಂತಿತ್ತು. ತೀರಾ ಅಪರೂಪದ್ದಂತೆ.

“ಗೊತ್ತಿಲ್ದ ಕೈ ಹಾಕಿದ್ರ ರಕ್ತ ನಿಲ್ಲಂಗಿಲ್ಲ. ಎಮ್‌ಆರ್‌ಐ ಮಾಡಿಸ್ಕೊಂಡು ಬರ್ರಿ. ಎಷ್ಟು ಆಳ ಹೋಗ್ಯದ ನೋಡಿ, ಹೆರಿಗಿ ಎಲ್ಲಿ, ಯಾವಾಗ ಅಂತ ಹೇಳ್ತೀನಿ” ಅಂದರು.

ನನ್ನ ಜೀವ ಬಾಯಿಗೆ ಬಂದಿತ್ತು. ಅತ್ತೆ ಮಾತ್ರ ಮಳಖೇಡದಿಂದ ಕಲಬುರಗಿವರೆಗೂ ಬಸ್ಸಿನಲ್ಲಿ ಪಕ್ಕದವಳನ್ನು, ತೊಟ್ಟಿಲ ದಿನಕ್ಕೆ ಕುಪ್ಪಸದ ಖಣ ಯಾವ ಅಂಗಡಿಯಲ್ಲಿ ಚೆನ್ನಾಗಿರುತ್ತವೆ ಎಂದು ವಿಚಾರಿಸುತ್ತಾ ಬಂದರು.

ಮೈಮೇಲೆ ಲೋಹದ ಚೂರೂ ಇರಬಾರದು ಎಂದರು ಯಂತ್ರ ನಡೆಸುವವರು. ಊದಿದ ಬೆರಳಿಗೆ ಸಾಬೂನು ಹಚ್ಚಿ ಕಾಲುಂಗುರ ಎಳೆದವರು ಅತ್ತೆಯೇ. ತಾಳಿಯನ್ನೂ ತಾವೇ ಬಿಚ್ಚಿದರು. ಇಷ್ಟಲಿಂಗವಿದ್ದ ಕರಡಿಗೆಗೆ ನನ್ನ ಕೈ ಹೋದಾಗ ಮಾತ್ರ ಅಡ್ಡ ನಿಂತರು.

“ತಾಳಿ ತೆಗದದ್ದಕ್ಕ ನನ್ನ ಮಗಗ ನಾ ಹೇಳ್ಕೋತೀನಿ. ಇದನ್ನ ಮೈಮ್ಯಾಲಿಂದ ಇಳಿಸಂಗಿಲ್ಲ.”

ಆ ಮಗ ಪಕ್ಕದಲ್ಲೇ ನಿಂತಿದ್ದ, ಪಾಪ.

“ಹಂಗಾದ್ರ ನೀವೇ ಹಿಡ್ಕೊಂಡು ಕುಂದ್ರಿ ಅತ್ತಿ, ಪೂಜಿಗೆ ಹಿಡ್ಕೊಂಡಂಗ” ಅಂದೆ. ಅದು ಅವರಿಗೆ ಒಪ್ಪಿಗೆಯಾಯಿತು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಬೆಂಚಿನ ಮೇಲೆ ಕುಳಿತರು.

ಒಳಗೆ ಯಂತ್ರ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕಲ್ಲು ಒಡೆಯುವ ಸದ್ದನ್ನೇ ಮಾಡಿತು. ಮಳಖೇಡದ ಫ್ಯಾಕ್ಟರಿ ಕಾಲೊನಿ ಆದಿತ್ಯನಗರದಲ್ಲಿ ಸಂಸಾರ ಮಾಡಿದವಳಿಗೆ ಅದೇನು ಹೊಸದೇ? ಅರೆನಿದ್ದೆಯೂ ಬಂತು.

ಹೊರಬಂದಾಗ ಅತ್ತೆ ಹಾಗೆಯೇ ಕುಳಿತಿದ್ದರು. ಚಾಚಿದ ಎಡಗೈಗೆ ಬಲಗೈ ಆಸರೆ ಕೊಟ್ಟಿದ್ದರು. ಮಗ ತಂದಿಟ್ಟ ಚಹಾ ಆರಿ ಕೆನೆಗಟ್ಟಿತ್ತು.

“ಏನು ಕಂಡ್ತ್ರಿ?” ಎಂದು ಯಂತ್ರದವರನ್ನು ಕೇಳಿದರು.

“ಗಂಡೋ ಹೆಣ್ಣೋ ಹೇಳಂಗಿಲ್ರಿ ಅವ್ವಾರ. ಕಾಯ್ದೆ ಅದ.”

“ಅದನ್ನ ಯಾರು ಕೇಳ್ಯಾರ? ನನ್ನ ಸೊಸಿ ಉಳೀತಾಳೇನು, ಅದು ಹೇಳ್ರಿ.”

ಖಣದ ಅಂಗಡಿ ಹುಡುಕುತ್ತಿದ್ದವರು ಇವರೇನಾ ಅನಿಸಿ, ನನಗೆ ಅಳು ತಡೆಯಲಾಗಲಿಲ್ಲ.

ಮಾಸು ಮೂತ್ರಕೋಶದವರೆಗೂ ಬಂದಿತ್ತು, ಒಳಹೊಕ್ಕಿರಲಿಲ್ಲ. ಆ ಚಿತ್ರಗಳನ್ನು ಮುಂದಿಟ್ಟುಕೊಂಡೇ ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿದರು, ರಕ್ತ ತರಿಸಿಟ್ಟರು. ಗರ್ಭಕೋಶ ಉಳಿಯುವುದಿಲ್ಲ ಎಂದೂ ಮೊದಲೇ ಹೇಳಿದರು.

ಆಪರೇಷನ್ ದಿನ ನರ್ಸ್ ಬಾಯಿ ತೆರೆಯುವ ಮುಂಚೆಯೇ ಅತ್ತೆ ಎಡಗೈ ಚಾಚಿದರು.

“ಕೊಡಿಲ್ಲಿ. ಆದ್ರ ಹೊಳ್ಳಿ ಬಂದು ನೀನೇ ಇಸ್ಕೋಬೇಕು, ತಿಳೀತಿಲ್ಲ?”

ಮಗಳನ್ನು ಕರೆದುಕೊಂಡೇ ಬಂದು ಇಸಿದುಕೊಂಡೆ.