ಕ್ರ್ಯಾಗ್ಲಿ ಬಿಟ್ಟುಕೊಡದ ಲೆಫ್ಟ್ ಬ್ಯಾಕ್

ಹೆಡ್ಲಿ ಹೋಲ್ರಾಯ್ಡ್ ನಮ್ಮ ಕ್ರ್ಯಾಗ್ಲಿ ಟೌನ್ ಫುಟ್‌ಬಾಲ್ ತಂಡಕ್ಕೆ ಹತ್ತು ವರ್ಷ ಲೆಫ್ಟ್ ಬ್ಯಾಕ್ ಆಗಿ, ಅಂದರೆ ಗೋಲಿನ ಮುಂದೆ ಎಡಬದಿ ಕಾಯುವವನಾಗಿ, ಆಡಿದ. ಅದರಲ್ಲಿ ಕೊನೆಯ ಎರಡೂವರೆ ವರ್ಷ ಮನಸ್ಸಿಲ್ಲದೆ ಆಡಿದ್ದು ಎಂಬುದು ಊರಲ್ಲಿ ಮೂವರಿಗಷ್ಟೇ ಗೊತ್ತಿತ್ತು: ಅವನ ಹೆಂಡತಿ ಎನಿಡ್‌ಗೆ, ಕ್ಲಬ್ಬಿನ ಅಧ್ಯಕ್ಷ ಬ್ರಿಗ್ ಸಾಹೇಬರಿಗೆ, ನನಗೆ. ನನ್ನ ಹೆಸರು ಸಿರಿಲ್. ವಾರವೆಲ್ಲ ಬ್ರಿಗ್ ಸಾಹೇಬರ ಉಣ್ಣೆ ಗಿರಣಿಯಲ್ಲಿ, ಬಣ್ಣ ಹಾಕುವ ಕಡೆ, ಹೆಡ್ಲಿಯ ಪಕ್ಕದ ತೊಟ್ಟಿಯಲ್ಲಿ ನನ್ನ ಕೆಲಸ. ಶನಿವಾರ ಮಧ್ಯಾಹ್ನ ಬಕೆಟ್ಟು, ಸ್ಪಂಜು ಹಿಡಿದು ಮೈದಾನದ ಗೆರೆಯಾಚೆ ನಿಲ್ಲುತ್ತಿದ್ದೆ. ಯಾರಾದರೂ ಬಿದ್ದರೆ ಓಡಿಹೋಗಿ ತಣ್ಣೀರು ಹಾಕುವುದು. ನನಗೆ ಗೊತ್ತಿದ್ದ ಮದ್ದು ಅಷ್ಟೇ.

ಹೆಡ್ಲಿಯನ್ನು ಕರೆತಂದವರು ಬ್ರಿಗ್ ಸಾಹೇಬರೇ. ಕಲ್ಲಿದ್ದಲ ಗಣಿಯ ಊರೊಂದರಲ್ಲಿ ಅವನು ಆಡುವುದನ್ನು ಕಂಡು, ಅವತ್ತೇ ಸಂಜೆ ಅವನ ತಾಯಿಯ ಮನೆಗೆ ಹೋಗಿ ಕೂತಿದ್ದರಂತೆ. ಗಿರಣಿಯಲ್ಲಿ ಕೆಲಸ, ಗಿರಣಿಯದೇ ಒಂದು ಮನೆ, ಶನಿವಾರದ ಆಟಕ್ಕೆ ಬೇರೆ ಕೂಲಿ. ಇಪ್ಪತ್ತೆರಡರ ಹುಡುಗನಿಗೆ ಇನ್ನೇನು ಬೇಕು? ಸಹಿ ಹಾಕಿದ. ಕೆಲಸ ಗಿರಣಿಯದು, ಮನೆ ಗಿರಣಿಯದು, ಕಾಲು ಕ್ಲಬ್ಬಿನದು, ಆ ಮೂರಕ್ಕೂ ಯಜಮಾನ ಒಬ್ಬನೇ ಎಂಬುದು ಅವನಿಗೆ ಹೊಳೆದದ್ದು ಏಳು ವರ್ಷದ ಮೇಲೆ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಎನಿಡ್‌ಳ ಕೆಮ್ಮು ಜೋರಾಯಿತು. ಉಣ್ಣೆ ಹಿಂಜುವ ಯಂತ್ರಗಳ ನಡುವೆ ಹದಿನಾರನೇ ವಯಸ್ಸಿನಿಂದ ದುಡಿದವಳು. ಡಾಕ್ಟರು ಎದೆಗೆ ಕಿವಿಗೊಟ್ಟು ಕೇಳಿ, ಈ ಊರು ಬಿಡಿ, ಸಮುದ್ರದ ಕಡೆ ಹೋಗಿ ಎಂದರು. ಸ್ಯಾಂಡ್ಬಿಯಲ್ಲಿ ಅವಳ ಅಣ್ಣನಿದ್ದ. ಆ ಊರಿನ ತಂಡವೂ ನಮ್ಮ ಲೀಗಿನಲ್ಲೇ ಆಡುತ್ತಿತ್ತು. ಅಲ್ಲಿಯವರು ಹೆಡ್ಲಿಯನ್ನು ಬಲ್ಲವರೇ. ನೀನು ಬಂದರೆ ಅನಿಲದ ಕಾರ್ಖಾನೆಯಲ್ಲಿ ಕೆಲಸ ಕೊಡಿಸುತ್ತೇವೆ ಎಂದು ಹೇಳಿ ಕಳಿಸಿದರು. ಅದೂ ಅವರ ತಂಡಕ್ಕೆ ಆಡಿದರೆ ಮಾತ್ರ.

ಹೆಡ್ಲಿ ಟೋಪಿ ಕೈಯಲ್ಲಿ ಹಿಡಿದು ಸಾಹೇಬರ ಕೋಣೆಗೆ ಹೋದ. ಬಣ್ಣದ ಲೆಕ್ಕದ ಚೀಟಿ ಕೊಡಲು ಹೋಗಿದ್ದ ನಾನು ಬಾಗಿಲ ಬಳಿಯೇ ನಿಂತಿದ್ದೆ.

"ಸಾಹೇಬ್ರೇ, ನನ್ನ ಬಿಟ್ಬಿಡಿ. ಎನಿಡ್‌ಗೆ ಉಸಿರಾಡೋಕೇ ಆಗ್ತಿಲ್ಲ."

"ಅಯ್ಯೋ ಪಾಪ," ಎಂದರು ಬ್ರಿಗ್. ಸುಳ್ಳು ಮರುಕವಲ್ಲ, ಅವರು ಕೆಟ್ಟ ಮನುಷ್ಯರಲ್ಲ. "ಒಂದು ತಿಂಗಳು ಕಳಿಸು ಅವಳನ್ನ. ಅವಳ ಕೆಲಸಕ್ಕೇನೂ ತೊಂದ್ರೆ ಆಗದ ಹಾಗೆ ನಾನು ನೋಡ್ಕೋತೀನಿ."

"ಒಂದು ತಿಂಗಳಲ್ಲ ಸಾಹೇಬ್ರೇ. ಅಲ್ಲೇ ಇರಬೇಕು. ಸ್ಯಾಂಡ್ಬಿಯವ್ರು ನನ್ನ ತಗೋತಾರಂತೆ."

ಅವರ ಮುಖ ಬಿಗಿಯಿತು. "ಸ್ಯಾಂಡ್ಬಿಯವ್ರಾ? ನಾನು ಬೆಳೆಸಿದವನನ್ನ ಅವ್ರು ಕರ್ಕೊಂಡು ಹೋಗೋದಾ? ನೋಡು ಹೆಡ್ಲಿ, ಈ ವರ್ಷ ನಾವು ಮೇಲಿನ ಡಿವಿಷನ್ನಿಗೆ ಏರಲೇಬೇಕು. ನಿನ್ನ ಹೆಸರು ನಮ್ಮ ಪಟ್ಟಿಯಲ್ಲಿದೆ. ನಾನು ಬಿಡೋವರೆಗೂ ನೀನು ಬೇರೆ ಯಾರ ಅಂಗೀನೂ ಹಾಕೋ ಹಾಗಿಲ್ಲ. ಕಾನೂನು ನಾನು ಮಾಡಿದ್ದಲ್ಲ."

ಕಾನೂನು ಅವರು ಮಾಡಿದ್ದಲ್ಲ, ನಿಜ. ಆಗ ಎಲ್ಲ ಕಡೆ ಹಾಗೇ ಇತ್ತು. ಕರಾರಿನ ಅವಧಿ ಮುಗಿದರೂ ಕ್ಲಬ್ಬು ಆಟಗಾರನ ಹೆಸರನ್ನು ಉಳಿಸಿಕೊಳ್ಳಬಹುದಿತ್ತು.

ಅಕ್ಟೋಬರಿನಲ್ಲಿ ಒಂದು ದಿನ ತೊಟ್ಟಿಯ ಹಬೆಯ ನಡುವೆ ಹೆಡ್ಲಿ ನನ್ನ ಕಿವಿಯ ಹತ್ತಿರ ಬಾಗಿದ.

"ಸಿರಿಲ್, ಕೆಟ್ಟದಾಗಿ ಆಡಿದ್ರೆ ಬಿಡ್ತಾರೆ ಅಲ್ವಾ?"

"ಯಾರು, ನೀನಾ? ಕೆಟ್ಟದಾಗಿ ಆಡೋಕೆ ಬರಬೇಕಲ್ಲ ಮಾರಾಯ."

"ಅದರಲ್ಲೇನಿದೆ? ನಮ್ಮ ಸೆಂಟರ್ ಫಾರ್ವರ್ಡ್ ಪ್ರತಿ ವಾರ ಹಾಗೇ ಆಡ್ತಾನಲ್ಲ!"

ಇಬ್ಬರೂ ನಕ್ಕೆವು. ಆದರೆ ಅವನು ತಮಾಷೆಗೆ ಹೇಳಿದ್ದಲ್ಲ.

ಆ ಶನಿವಾರ ಮಳೆ, ಮೊಣಕಾಲುದ್ದ ಕೆಸರು. ಎದುರಾಳಿಗಳ ಬಲ ವಿಂಗರ್, ಹೆಡ್ಲಿಯ ಬದಿಯಿಂದ ನುಗ್ಗಿ ಬರುವವನು, ಗಿಡ್ಡನೆಯ ಚುರುಕಿನ ಆಳು. ಅವನು ಚೆಂಡು ತಂದಾಗ ಹೆಡ್ಲಿ ನಿಂತುಬಿಟ್ಟ. ಬೇಕೆಂದೇ ಬಿಡುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ವಿಂಗರ್ ದಾಟಿಯೇ ಹೋದ. ಆಗ, ಯಾರೋ ಹಿಂದಿನಿಂದ ನೂಕಿದಂತೆ, ಹೆಡ್ಲಿ ತಿರುಗಿ ಜಾರಿ ಎಡಗಾಲು ಚಾಚಿ ಚೆಂಡನ್ನು ಬೇಲಿಯಾಚೆ ಕಳಿಸಿದ. ಎಂಟುನೂರು ಜನ ಹೋ ಎಂದರು. ಕೆಸರಲ್ಲಿ ಕೂತಿದ್ದ ಹೆಡ್ಲಿ ತನ್ನ ಕಾಲನ್ನೇ ನೋಡುತ್ತಿದ್ದ, ಕಚ್ಚಿದ ನಾಯಿಯನ್ನು ನೋಡುವ ಹಾಗೆ. ಇನ್ನೂ ಎರಡು ಸಲ ಹಾಗೇ ಆಯಿತು. ಆಟ ಮುಗಿದ ಮೇಲೆ ಬ್ರಿಗ್ ಸಾಹೇಬರು ಸ್ನಾನದ ಕೋಣೆಗೇ ಬಂದು, "ದಾಟಿಸಿ ಹಿಡಿಯೋದು! ಎಂಥಾ ಉಪಾಯ ಕಣಯ್ಯ!" ಎಂದು ಒದ್ದೆ ಬೆನ್ನು ತಟ್ಟಿ ಹೋದರು.

ಮುಂದಿನ ವಾರ ಅವನು ಗೆದ್ದ, ಅಂದರೆ ತನ್ನ ಕಾಲನ್ನು ಗೆದ್ದ. ವಿಂಗರ್ ಬಂದಾಗ ನಿಜವಾಗಿ ಬಿಟ್ಟ. ಗೋಲು ಕಾಯುತ್ತಿದ್ದವನು ಆಲ್ಫ್, ಮಗ್ಗದ ಕೆಲಸದವನು, ಮೂರು ಮಕ್ಕಳ ತಂದೆ. ಹೆಡ್ಲಿ ಹಿಡಿಯುತ್ತಾನೆಂದೇ ನಂಬಿ ನಿಂತಿದ್ದವನು ತಡವಾಗಿ ಮುನ್ನುಗ್ಗಿ ವಿಂಗರನ ಬೂಟಿಗೆ ಕೈ ಒಡ್ಡಿದ. ಎರಡು ಬೆರಳು ಮುರಿದವು. ಮುರಿದ ಬೆರಳಲ್ಲಿ ದಾರ ಗಂಟು ಹಾಕಲಾಗುವುದಿಲ್ಲ. ಆರು ವಾರ ಮಗ್ಗ ನಿಂತಿತು.

ಭಾನುವಾರ ಹೆಡ್ಲಿ ಆಲ್ಫ್‌ನ ಮನೆಗೆ ಹೋದ, ಜೊತೆಗೆ ನಾನೂ ಹೋದೆ. ಆಲ್ಫ್ ಬ್ಯಾಂಡೇಜಿನ ಕೈ ಎತ್ತಿ ತೋರಿಸಿ, "ಏನೋ ಇದು ಹೆಡ್ಲಿ, ಕಣ್ಣಿಗೆ ಮಣ್ಣು ಬಿತ್ತಾ? ಬಿಡು, ಎಲ್ಲರಿಗೂ ಆಗುತ್ತೆ" ಎಂದ. ಅವನ ಹೆಂಡತಿ ನಮಗೆ ಚಹಾ ಕೊಟ್ಟಳು. ಹೆಡ್ಲಿ ಕುಡಿಯಲಿಲ್ಲ. ಇಳಿಜಾರಿನ ದಾರಿಯಲ್ಲಿ ವಾಪಸು ಬರುವಾಗ ಹೇಳಿದ: "ಇನ್ನು ಮಾಡಲ್ಲ. ನನ್ನ ಹಿಂದೆ ಯಾವಾಗ್ಲೂ ಒಬ್ಬ ನಿಂತಿರ್ತಾನೆ."

ಆಮೇಲೆ ಅವನು ಆಡಿದ ಆಟವನ್ನು ಕ್ರ್ಯಾಗ್ಲಿ ಹಿಂದೆಂದೂ ಕಂಡಿರಲಿಲ್ಲ. ಆಲ್ಫ್‌ನಿಗೆ ತೀರಿಸಬೇಕಾದದ್ದನ್ನು ತೀರಿಸುತ್ತಿದ್ದನೋ, ಸಿಟ್ಟನ್ನು ಹಾಗೆ ಕಳೆಯುತ್ತಿದ್ದನೋ, ನನಗೆ ತಿಳಿಯದು. ಗೆದ್ದಷ್ಟೂ ತನ್ನ ಬಾಗಿಲಿಗೆ ತಾನೇ ಮೊಳೆ ಹೊಡೆದುಕೊಳ್ಳುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ಎನಿಡ್‌ಗೂ ಗೊತ್ತಿತ್ತು. ಒಂದು ಶನಿವಾರ, ನಾವು ಮೂರು ಗೋಲಿನಿಂದ ಗೆದ್ದು ಬಂದಾಗ, ಅವಳು ಹೊಸಿಲಲ್ಲೇ ಕೇಳಿದಳು:

"ಚೆನ್ನಾಗಿ ಆಡಿದ್ಯಾ?"

"ಹೂಂ."

"ನನ್ನ ಹಣೆಬರಹ," ಎಂದು ಒಳಗೆ ಹೋದಳು.

ಏಪ್ರಿಲ್ ಕೊನೆಯ ಶನಿವಾರ, ನಮ್ಮದೇ ಮೈದಾನ. ಸಮವಾದರೂ ಸಾಕು, ಮೇಲಿನ ಡಿವಿಷನ್ನು ನಮ್ಮದು. ಒಂದಕ್ಕೆ ಒಂದು ಇತ್ತು. ಇನ್ನೇನು ಸೀಟಿ ಊದಬೇಕು, ಆಲ್ಫ್‌ನನ್ನೂ ದಾಟಿ ಚೆಂಡು ಗೋಲಿನ ಬಾಯಿಗೆ ಹೊರಟಿತು. ಎಲ್ಲಿಂದ ಬಂದನೋ, ಹೆಡ್ಲಿ ಗೆರೆಯ ಮೇಲೆ ಹಾರಿ ಚೆಂಡಿಗೆ ತಲೆ ಕೊಟ್ಟ. ಚೆಂಡು ಕಂಬಕ್ಕೆ ಬಡಿದು ಆಚೆ ಹೋಯಿತು.

ಜನ ಬೇಲಿ ದಾಟಿ ನುಗ್ಗಿದರು. ಅವನನ್ನು ಹೆಗಲ ಮೇಲೆ ಹೊತ್ತು, ಬೀದಿಯುದ್ದಕ್ಕೂ ಹಾಡುತ್ತಾ, ಗಿರಣಿಯ ಮುಂದೆ ತಂದು ನಿಲ್ಲಿಸಿದರು. ಅವನು ಕೆಳಗಿಳಿಯಲು ಕಾಲು ಕೊಡವುತ್ತಿದ್ದ; ಅವರು ಇನ್ನೂ ಬಿಗಿಯಾಗಿ ಹಿಡಿದರು. ಬ್ರಿಗ್ ಸಾಹೇಬರು ಮೆಟ್ಟಿಲ ಮೇಲೆ ನಿಂತು, "ಈ ಕಾಲನ್ನ ನಾನು ಯಾರಿಗೂ ಕೊಡಲ್ಲ, ಕ್ರ್ಯಾಗ್ಲಿಗೆ ಮಾತು ಕೊಡ್ತೀನಿ!" ಎಂದು ಕೂಗಿದರು. ಇಡೀ ಬೀದಿ ಚಪ್ಪಾಳೆ ತಟ್ಟಿತು. ಎದುರಿನ ರೊಟ್ಟಿ ಅಂಗಡಿಯ ಬಾಗಿಲಲ್ಲಿ ಎನಿಡ್ ಕರವಸ್ತ್ರ ಬಾಯಿಗೊತ್ತಿಕೊಂಡು ನಿಂತಿದ್ದಳು. ಹೆಗಲ ಮೇಲಿಂದ ಹೆಡ್ಲಿ ಅವಳನ್ನು ಕಂಡ. ಅವಳು ತಿರುಗಿ ಮನೆಯ ಕಡೆ ನಡೆದಳು.

ಮೇ ತಿಂಗಳಲ್ಲಿ ಸಾಹೇಬರು ಒಂದು ಉಪಕಾರ ಮಾಡಿದರು. ಗುಡ್ಡದ ಮೇಲೆ, ಹೊಗೆ ಅಷ್ಟಾಗಿ ಮುಟ್ಟದ ಕಡೆ, ತೋಟವಿರುವ ಮನೆಯೊಂದನ್ನು ಹೆಡ್ಲಿಗೆ ಕೊಟ್ಟರು. ಎನಿಡ್‌ಗೆ ಆಫೀಸಿನಲ್ಲಿ ಹಗುರ ಕೆಲಸ. ಹೆಡ್ಲಿ ಮನೆ ನೋಡಿ ಬಂದ, ಖುಷಿಯಿಂದಲೇ ಬಂದ. ಎನಿಡ್ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು.

"ಎಷ್ಟು ಕಿಟಕಿ ಇದೆ?" ಕೇಳಿದಳು.

"ಆರು. ಒಳ್ಳೇ ಗಾಳಿ ಬರುತ್ತೆ."

"ಆರು ಕಿಟಕಿಗೆ ಆಗಲಿ ಅಂದ್ಬಿಟ್ಯಾ? ನೀನಿರು ಹೆಡ್ಲಿ. ನಿನ್ನ ಮೇಲೆ ಕೋಪ ಇಲ್ಲ. ನನಗೆ ಉಸಿರು ಬೇಕು."

ಅವಳು ಸ್ಯಾಂಡ್ಬಿಗೆ ಹೋದಳು. ಅಣ್ಣನ ಮನೆಯ ಮೇಲಿನ ಕೋಣೆ ಹಿಡಿದು, ಹೋಟೆಲೊಂದರ ಬಟ್ಟೆ ಇಸ್ತ್ರಿ ಮಾಡುವ ಕೆಲಸಕ್ಕೆ ಸೇರಿದಳು. ಹೆಡ್ಲಿ ಎರಡು ವಾರಕ್ಕೊಮ್ಮೆ ಭಾನುವಾರ ಮೂರು ಬಸ್ಸು ಬದಲಿಸಿ ಹೋಗಿ, ಮೂರು ಗಂಟೆ ಕೂತು, ವಾಪಸು ಬರುತ್ತಿದ್ದ. ಗುಡ್ಡದ ಮನೆಯಲ್ಲಿ ಒಂದೇ ಕೋಣೆ ಬಳಸುತ್ತಿದ್ದ. ಕೆಲಸ ಬಿಟ್ಟು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದೆ. "ಹೋಗಿ ಏನ್ ಮಾಡ್ಲಿ? ಆಡೋದು, ಬಣ್ಣ ಅದ್ದೋದು, ಎರಡೇ ಗೊತ್ತು. ಅಲ್ಲಿ ಅವಳು ದುಡಿದದ್ದನ್ನ ಕೂತು ತಿನ್ನಲಾ?" ಎಂದ. ಮುಂದಿನ ಮೇ ತಿಂಗಳಲ್ಲೂ ಬಿಡಿ ಎಂದು ಸಾಹೇಬರನ್ನು ಕೇಳಿಕೊಂಡ. ಆಗಲೂ ಪಟ್ಟಿಯಲ್ಲಿ ಹೆಸರು ಉಳಿಯಿತು.

ಅರವತ್ತೊಂದರ ಫೆಬ್ರವರಿಯಲ್ಲಿ, ಹೆಪ್ಪುಗಟ್ಟಿದ ನೆಲದ ಮೇಲೆ, ಅವನ ಎಡ ಮೊಣಕಾಲು ತಿರುಚಿತು. ಸದ್ದು ನನಗೆ ಗೆರೆಯಾಚೆಗೇ ಕೇಳಿಸಿತು. ಬಕೆಟ್ಟು ಹಿಡಿದು ಓಡಿದೆ. ಅವನು ಮಲಗಿದ್ದ, ಮುಖ ಬೆಳ್ಳಗಾಗಿತ್ತು.

"ಹೋಯ್ತಾ ಸಿರಿಲ್?"

"ಹೋಯ್ತು ಅನ್ಸುತ್ತೆ ಕಣೋ."

"ಪೂರ್ತಿ?"

ನಾನು ಹೌದೆಂದು ತಲೆಯಾಡಿಸಿದೆ. ನೋವಿನ ನಡುವೆಯೇ ಅವನ ಮುಖದಲ್ಲಿ ಬಂದದ್ದು ಏನೆಂದು ಆಗ ನನಗೆ ಅರ್ಥವಾಯಿತು. ನಾನು ಬೇರೆ ಕಡೆ ನೋಡಿದೆ.

ಬಿಡುಗಡೆಯ ಕಾಗದ ಎಂಟು ದಿನದಲ್ಲಿ ಬಂತು. ಹೊಸ ಲೆಫ್ಟ್ ಬ್ಯಾಕ್ ಹೆಂಡತಿ ಮಕ್ಕಳೊಂದಿಗೆ ಬರುತ್ತಿದ್ದುದರಿಂದ ತಿಂಗಳೊಳಗೆ ಮನೆ ತೆರವು ಮಾಡಬೇಕು ಎಂಬ ಇನ್ನೊಂದು ಕಾಗದವೂ ಬಂತು. ಅವನ ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿದವನು ನಾನೇ.

ಆ ಆಗಸ್ಟಿನಲ್ಲಿ ಗಿರಣಿ ರಜೆ ಕೊಟ್ಟಾಗ ನೋಡಲು ಹೋದೆ. ಹೆಡ್ಲಿ ಸಮುದ್ರದಂಡೆಯಲ್ಲಿ ಕುಂಟುತ್ತಾ ಮಡಚುವ ಬಟ್ಟೆ ಕುರ್ಚಿಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಎನಿಡ್ ಮೈ ತುಂಬಿಕೊಂಡಿದ್ದಳು. ಕೆಮ್ಮು ಪೂರ್ತಿ ಹೋಗಿರಲಿಲ್ಲ, ಆದರೆ ಮೆಟ್ಟಿಲು ಹತ್ತುತ್ತಲೇ ಮಾತಾಡುತ್ತಿದ್ದಳು. ಅವಳಿಗೆ ಗೆಳತಿಯರಿದ್ದರು, ಬುಧವಾರದ ಹಾಡಿನ ಕೂಟವಿತ್ತು, ಕಿಟಕಿಯ ಪಕ್ಕ ಅವಳದೇ ಒಂದು ಕುರ್ಚಿ ಇತ್ತು. ನಾನು ಬಂದೆನೆಂದು ಹೆಡ್ಲಿ ಚಹಾ ಮಾಡಲು ಎದ್ದ. ಒಂದು ಕಪಾಟು ತೆರೆದ, ಮುಚ್ಚಿದ. ಇನ್ನೊಂದು ತೆರೆದ.

"ಎನಿಡ್, ಚಮಚ ಎಲ್ಲಿಡ್ತೀಯ?"

"ನೀನು ಕೂತ್ಕೋ ಹೆಡ್ಲಿ," ಎಂದಳು ಅವಳು, ಸಿಡುಕಿಲ್ಲದೆ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ. "ನಾನು ಕೊಡ್ತೀನಿ."

ಅವನು ಬಂದು ನನ್ನ ಪಕ್ಕ ಕೂತ.