ಹೊಳೆಯ ಈಚೆಗಿನ ಶೆಡ್ಡು

ನಾನು ನಿಂತಿದ್ದದ್ದು ಶೆಡ್ಡಿನ ಬಾಗಿಲಿನ ಬಲಗಡೆ, ಹೊಳೆಗೆ ಬೆನ್ನು ಹಾಕಿ. ಹೋದ ಫೆಬ್ರವರಿಯ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ದಾಟಿತ್ತು. ಆಲಂಕಾರಿಗೆ ಹೋಗುವ ಟಾರು ರಸ್ತೆಯಿಂದ ಇಳಿದು ಬರುವ ಮಣ್ಣಿನ ದಾರಿ ಅಲ್ಲಿಂದ ತಿರುವಿನವರೆಗೆ ಕಾಣುತ್ತಿತ್ತು. ತಿರುವಿನ ಮೇಲೆ, ಗೇರುಮರದ ಮರೆಯಲ್ಲಿ, ಭಾವನ ಜೀಪು ಇತ್ತು. ಅದು ನನಗೆ ಕಾಣುತ್ತಿರಲಿಲ್ಲ.

ಅಕ್ಕ, ಭಾವನ ಮನೆ ಹೊಳೆಯ ಆಚೆ. ನಡುವೆ ಇರುವುದು ನಡೆದು ದಾಟುವ ಸಂಕ ಮಾತ್ರ. ಅದಕ್ಕೇ ಭಾವ ಈಚೆ ದಡದಲ್ಲಿ ಕೆಂಪುಕಲ್ಲಿನ ಶೆಡ್ಡು ಕಟ್ಟಿ ಜೀಪು ಇಡುತ್ತಿದ್ದರು. ಜಾಗವೂ ಅಲ್ಲಿಗೆ ಇಳಿಯುವ ದಾರಿಯೂ ಅವರ ಅಣ್ಣನದು, ಬಾಯಿಮಾತಿನಲ್ಲಿ ಕೊಟ್ಟದ್ದು. ಅಣ್ಣ ಹೇಳಿದ್ದು ಒಂದೇ ಮಾತು: ಆ ಜಾಗಕ್ಕೆ ತಮ್ಮನ ಹೆಸರಿನಲ್ಲಿ ಯಾವ ಕಾಗದವೂ ಹುಟ್ಟಬಾರದು, ಹುಟ್ಟಿದರೆ ಶೆಡ್ಡು ಕೀಳಬೇಕು. ಅಕ್ಕನಿಗೆ ವಾರಕ್ಕೆ ಎರಡು ಸಲ ಪುತ್ತೂರಿನಲ್ಲಿ ಡಯಾಲಿಸಿಸ್. ಆ ಜಾಗ ಹೋದರೆ ಜೀಪು ಟಾರು ರಸ್ತೆಯಲ್ಲೇ ನಿಲ್ಲಬೇಕು. ಅಲ್ಲಿಯವರೆಗಿನ ಏರು ಹತ್ತುವುದು ಅವಳಿಂದ ಆಗುತ್ತಿರಲಿಲ್ಲ.

ಹಿಂದಿನ ವಾರ ಪಂಚಾಯತಿನ ಬಿಲ್ ಕಲೆಕ್ಟರು ಪೇಟೆಯಲ್ಲಿ ಭಾವನನ್ನು ನಿಲ್ಲಿಸಿ ಶೆಡ್ಡಿನ ವಿಷಯ ಎತ್ತಿದ್ದರು. ನಾನೂ ಜೊತೆಗಿದ್ದೆ.

"ಮನೆಗೆ ತೆರಿಗೆ ಕಟ್ತೇನಲ್ಲ ಮಾರಾಯ್ರೆ. ಜೀಪಿಗೆ ಬೇರೆ ಕಟ್ಟುದಾ?" ಎಂದರು ಭಾವ.

"ಮನೆಯ ಜಾಗದಲ್ಲೇ ಇದ್ರೆ ಮನೆಯೊಟ್ಟಿಗೆ ಹೋಗ್ತದೆ. ನಿಮ್ಮದು ಹೊಳೆಯ ಈಚೆ, ಬೇರೆ ಜಾಗ. ಗಾಡಿ ಇಡುದಾದ್ರೆ ಬೇರೆ ನಂಬರ್, ಬೇರೆ ತೆರಿಗೆ. ಸೊಪ್ಪು ಗೊಬ್ಬರ ಹಾಕುದಾದ್ರೆ ಕೃಷಿದು, ತೆರಿಗೆ ಇಲ್ಲ. ಮಂಗಳವಾರ ಬಂದು ನೋಡ್ತೇನೆ."

ನಂಬರ್ ಎಂದರೆ ತನ್ನ ಹೆಸರಿನಲ್ಲಿ ಕಾಗದ ಎಂದೇ ಭಾವ ತಿಳಿದರು. ಹಿಡಿದುಕೊಂಡದ್ದು ಸೊಪ್ಪಿನ ಮಾತನ್ನು. ಬೇಸಗೆಯಲ್ಲಿ ಗುಡ್ಡದಿಂದ ತರಗೆಲೆ ಗುಡಿಸಿ ತಂದು ತೋಟಕ್ಕೆ ಹಾಕುವುದು ನಮ್ಮಲ್ಲಿ ಪ್ರತಿ ವರ್ಷದ ಕೆಲಸ. ಆ ಸೋಮವಾರ ತಂದದ್ದನ್ನೆಲ್ಲ ಶೆಡ್ಡಿಗೆ ತುಂಬಿದೆವು. ನಾನೂ ಬುಟ್ಟಿ ಹೊತ್ತೆ. ದಾರಿಯುದ್ದಕ್ಕೂ ಎಲೆ ಚೆಲ್ಲಿತ್ತು. ಸಂಜೆ ಭಾವ ಜೀಪನ್ನು ಮೇಲೆ ಒಯ್ದು, ತಿರುಗಿಸಿ, ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದರು. ಅದರ ಹ್ಯಾಂಡ್‌ಬ್ರೇಕು ಹಿಡಿಯದೆ ವರ್ಷಗಳಾಗಿದ್ದವು. ಶೆಡ್ಡಿನ ಸಮತಟ್ಟು ನೆಲದಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಎಲೆ ಸರಿಸಿ ಇಟ್ಟರೋ ಇಲ್ಲವೋ ನಾನು ನೋಡಿಲ್ಲ. ಮರುದಿನ, ಎಲ್ಲ ಮುಗಿದ ಮೇಲೆ, ಆ ಕಲ್ಲುಗಳ ಅಡಿಯಲ್ಲಿ ಎಲೆ ಇದ್ದುದನ್ನು ನೋಡಿದ್ದೇನೆ.

ಮಂಗಳವಾರ ಕಲೆಕ್ಟರು ಬೈಕನ್ನು ರಸ್ತೆಯಲ್ಲಿ ಬಿಟ್ಟು ನಡೆದು ಬಂದರು.

"ಎಂತ ಮಾರಾಯ್ರೆ, ಜೀಪನ್ನು ಒಣಗ್ಲಿಕ್ಕೆ ಹಾಕಿದ್ದಾ?"

"ಒಳಗೆ ಜಾಗ ಎಲ್ಲಿ ಉಂಟು? ನೀವೇ ನೋಡಿ."

ಅವರು ಎಲೆಯನ್ನು ಕಾಲಲ್ಲಿ ಸರಿಸಿದರು. ನೆಲದಲ್ಲಿ ಕಪ್ಪು ಕಲೆ ಇತ್ತು. "ತರಗೆಲೆಗೆ ಆಯಿಲ್ ಕುಡಿಸ್ತೀರಾ?"

ಭಾವ ನಕ್ಕರು. ಕಲೆಕ್ಟರೂ ನಕ್ಕು ಪೆನ್ನು ತೆಗೆದರು. ಏನು ಬರೆಯುವವರಿದ್ದರು ಎಂದು ನನಗೆ ಗೊತ್ತಿಲ್ಲ.

ಕಲೆಕ್ಟರು ಹೋದ ಮೇಲೆ ಬಾ ಎಂದು ಅಕ್ಕನಿಗೆ ಹೇಳಿತ್ತು. ಆದರೆ ಆಸ್ಪತ್ರೆಯ ಹೊತ್ತು ಮೀರುತ್ತಿತ್ತು. ಅವಳು ಚೀಲ ಹಿಡಿದು ಸಂಕ ದಾಟಿ ಈ ತುದಿಗೆ ಬಂದಿದ್ದಳು. ಮಣ್ಣಿನ ದಾರಿ ಮುಗಿಯುವುದೂ ಅಲ್ಲೇ.

ಜೀಪು ಹೊರಟದ್ದನ್ನು ನಾನು ಕಂಡಿಲ್ಲ. ಎಲೆ ಪುಡಿಯಾಗುವ ಶಬ್ದ ಕೇಳಿತು. ತಲೆ ಎತ್ತಿದಾಗ ಅದು ತಿರುವು ದಾಟಿತ್ತು. ಭಾವ ಒಮ್ಮೆ ಅಕ್ಕನ ಕಡೆ ನೋಡಿದರು. ಬಾಗಿಲ ಬಳಿಯ ಕೆಂಪುಕಲ್ಲೊಂದನ್ನು ಎತ್ತಿಕೊಂಡು ಓಡಿ, ಬಗ್ಗಿ, ಚಕ್ರದ ಮುಂದೆ ಇಟ್ಟರು. ಕಲ್ಲು ಚಕ್ರದಡಿಗೆ ಸಿಕ್ಕಿತು. ಜೀಪು ಅದರ ಮೇಲೆ ತಿರುಗಿ ಶೆಡ್ಡಿನ ಮೂಲೆಗೆ ಬಡಿಯಿತು. ಮೂಲೆಗೂ ಜೀಪಿಗೂ ನಡುವೆ ಭಾವ ಇದ್ದರು. ಆಂಬುಲೆನ್ಸ್ ಬರುವಾಗ ಜೀವ ಇರಲಿಲ್ಲ.

ಡಯಾಲಿಸಿಸ್ ಮುಂದೂಡುವಂತಿರಲಿಲ್ಲ, ಆಟೋ ಆ ಇಳಿಜಾರಿಗೆ ಇಳಿಯುತ್ತಿರಲಿಲ್ಲ. ಮರುದಿನ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಏರು ಹತ್ತಿಸಿ ಆಟೋದಲ್ಲಿ ಪುತ್ತೂರಿಗೆ ಕರೆದೊಯ್ದೆವು.

ಜೀಪು ಮೇಲೆ ಯಾಕಿತ್ತು ಎಂದು ಪೊಲೀಸರು ಕೇಳಿದರು. ಇದ್ದದ್ದನ್ನು ಹೇಳಿದೆ. ಕಲೆಕ್ಟರೂ ಕಂಡಷ್ಟನ್ನೇ ಹೇಳಿದರು. ಠಾಣೆಯಿಂದ ಹೊರಗೆ ಬಂದಾಗ ಭಾವನ ಅಣ್ಣ ಕಲೆಕ್ಟರನ್ನು ಕೇಳಿದರು, "ನಂಬರ್ ನನ್ನ ಹೆಸರಲ್ಲಿ ಆಗ್ತಿತ್ತಾ?"

"ಜಾಗ ಯಾರದೋ ಅವರ ಹೆಸರಲ್ಲೇ ಬರೆಯುದು. ನಿಮ್ಮ ತಮ್ಮ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಈಗ ಶೆಡ್ಡಿಗೆ ನಂಬರ್ ಬಿದ್ದಿದೆ. ತೆರಿಗೆ ಭಾವನ ಅಣ್ಣನೇ ಕಟ್ಟುತ್ತಾರೆ. ಒಳಗೆ ಯಾವ ಗಾಡಿಯೂ ಇಲ್ಲ.

ನನ್ನನ್ನು ಬಿಟ್ಟರೆ ಭಾವ ಕಲ್ಲು ಹಿಡಿದು ಓಡಿದ್ದನ್ನು ಕಣ್ಣಾರೆ ಕಂಡವರು ಇಬ್ಬರು. ಒಬ್ಬರು ಶೆಡ್ಡಿನ ಒಳಗಿದ್ದ ಕಲೆಕ್ಟರು. ಈಗ ಬೇರೆ ಊರಿನಲ್ಲಿದ್ದಾರೆ. ಇನ್ನೊಬ್ಬಳು ಸಂಕದ ತುದಿಯಲ್ಲಿದ್ದ ಅಕ್ಕ. ಬದುಕಿದ್ದಾಳೆ.